ನಟನೆ: ಅವಕಾಶಕ್ಕಿಂತ ಮೊದಲು ಅಭ್ಯಾಸ

(ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ನಾವು ಸಾಮಾನ್ಯವಾಗಿ ಸಿ.ಇ.ಟಿ., ಡಿಪ್ಲೊಮಾ, ನರ್ಸಿಂಗ್, ಬ್ಯಾಂಕ್ ಪರೀಕ್ಷೆಗಳ ಬಗ್ಗೆ ಮಾತನಾಡುತ್ತೇವೆ. ಈ ಸಲ ಪ್ರಶ್ನೆ ಪೆಟ್ಟಿಗೆಯಲ್ಲಿ ಹೆಸರಿಲ್ಲದ ಒಂದು ಚೀಟಿ ಸಿಕ್ಕಿತು. "ನನಗೆ ನಟನೆಯ ಆಸೆ ಇದೆ. ಎಲ್ಲಿಂದ ಶುರು ಮಾಡಬೇಕು?" ಎಂಬುದಷ್ಟೇ ಅದರಲ್ಲಿತ್ತು. ಬರೆದವರು ಹೆಸರು ಹಾಕಲು ಹೆದರಿದ್ದಾರೆ. ಮನೆಯಲ್ಲಿ ಕೇಳಿದರೆ ಬೈಗುಳ, ಹೊರಗೆ ಕೇಳಿದರೆ ನಗೆಪಾಟಲು. ಆದರೆ ಮಿತ್ರರೇ, ಹೀಗೆ ಗುಟ್ಟಾಗಿ ಇಟ್ಟುಕೊಂಡ ಆಸೆಯೇ ಮೋಸಗಾರರ ಬಂಡವಾಳ. ಆದ್ದರಿಂದ ಈ ಪ್ರಶ್ನೆಗೆ ಎಲ್ಲರ ಎದುರಿನಲ್ಲಿಯೇ ಉತ್ತರ ಕೊಡುವುದು ಒಳ್ಳೆಯದೆಂದು ಭಾವಿಸಿದ್ದೇನೆ.

ಮೊದಲು ಎಚ್ಚರಿಕೆಯ ಮಾತು. "ಧಾರಾವಾಹಿಗೆ ಹೊಸ ಮುಖಗಳು ಬೇಕಾಗಿವೆ" ಎಂಬ ಜಾಹೀರಾತನ್ನು ನೀವು ಗೋಡೆಯ ಮೇಲೋ ಮೊಬೈಲಿನಲ್ಲೋ ನೋಡಿರುತ್ತೀರಿ. ಹೋದರೆ ಮೊದಲು ನೋಂದಣಿ ಶುಲ್ಕ, ಆಮೇಲೆ ಫೋಟೋ ತೆಗೆಸಲು ಹಣ, ಆಮೇಲೆ "ಪಾತ್ರ ಖಚಿತ ಮಾಡಲು" ಇನ್ನಷ್ಟು ಹಣ ಕೇಳುತ್ತಾರೆ. ಒಂದು ಸೂತ್ರ ನೆನಪಿಟ್ಟುಕೊಳ್ಳಿ: ಕಲಿಸುವವರು ಶುಲ್ಕ ಕೇಳಬಹುದು, ಪಾತ್ರ ಕೊಡುವವರು ಕೇಳಕೂಡದು. ಕೆಲಸ ಮಾಡಿದವನಿಗೆ ಕೂಲಿ ಸಿಗಬೇಕೇ ಹೊರತು, ಕೆಲಸಕ್ಕಾಗಿ ಅವನೇ ಹಣ ಕಟ್ಟುವ ಕ್ರಮವಿಲ್ಲ. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಕೊಡಬೇಡಿ. ಆಯ್ಕೆಗೆಂದು ಹೋಟೆಲ್ ಕೋಣೆಗೆ ಕರೆದರೆ ಹೋಗಬೇಡಿ. ಹೆಣ್ಣುಮಕ್ಕಳಿಗೆ ಮಾತ್ರವಲ್ಲ, ಗಂಡುಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ.

"ಇದು ನಮ್ಮವರ ಕ್ಷೇತ್ರವಲ್ಲ" ಎನ್ನುವವರಿದ್ದಾರೆ. ಕನ್ನಡ ವೃತ್ತಿ ರಂಗಭೂಮಿಯ ಇತಿಹಾಸ ಬೇರೆಯೇ ಹೇಳುತ್ತದೆ. ಚಂದ್ರಕಲಾ ನಾಟಕ ಮಂಡಳಿಯನ್ನು ನಡೆಸಿದವರು ಮಹಮದ್ ಪೀರ್ ಎಂಬ ಮಹಾನಟರು. ಶಾಲಾ ಮೇಷ್ಟರಾಗಿದ್ದ ಬಿ.ಆರ್. ಪಂತುಲು ಅವರೂ, ಎಂ.ವಿ. ರಾಜಮ್ಮನವರೂ ಆ ಮಂಡಳಿಯಲ್ಲಿ ಪಳಗಿದವರು. ಅಲ್ಲಿ ಆಡುತ್ತಿದ್ದ 'ಸಂಸಾರ ನೌಕೆ' ನಾಟಕವೇ 1936ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ಚಲನಚಿತ್ರವಾಯಿತು. ಒಬ್ಬ ಮುಸ್ಲಿಂ ಕಲಾವಿದರ ಮಂಡಳಿಯಿಂದ ಕನ್ನಡ ಚಿತ್ರರಂಗಕ್ಕೆ ಇಷ್ಟು ಸಂದಿದೆ ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

"ಕಾರ್ಖಾನೆ ಪ್ರದೇಶದಲ್ಲಿ ಕಲೆ ಎಲ್ಲಿಂದ ಬಂತು?" ಎಂಬುದು ಇನ್ನೊಂದು ಮಾತು. ಜಾಲಹಳ್ಳಿಯ ಎಚ್.ಎಂ.ಟಿ., ಬಿ.ಇ.ಎಲ್., ದೂರವಾಣಿನಗರದ ಐ.ಟಿ.ಐ., ಎಚ್.ಎ.ಎಲ್. ಇವುಗಳ ಕನ್ನಡ ಸಂಘಗಳನ್ನು ಹಿರಿಯರು ಬಲ್ಲರು. ಪಾಳಿ ಮುಗಿಸಿ ಬಂದ ಕಾರ್ಮಿಕರೇ ಬಣ್ಣ ಹಚ್ಚಿ ರಾಜ್ಯೋತ್ಸವಕ್ಕೆ ನಾಟಕ ಆಡುತ್ತಿದ್ದರು. 1975ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಮುದಾಯ ತಂಡ ನಾಟಕವನ್ನು ಬೀದಿಗೇ ತಂದಿತು.

ದೆಹಲಿಯ ಕಡೆ ಸಫ್ದರ್ ಹಶ್ಮಿ ಮತ್ತು ಅವರ ಜನ ನಾಟ್ಯ ಮಂಚ್ ಇದೇ ಕೆಲಸ ಮಾಡಿತು. ಅವರ 1978ರ 'ಮಷೀನ್' ನಾಟಕದ ಹಿಂದೆ ಒಂದು ಕಾರ್ಖಾನೆಯ ನಿಜ ಘಟನೆ ಇದೆ. ಸೈಕಲ್ ನಿಲ್ಲಿಸಲು ಜಾಗ, ಕುಡಿಯಲು ಚಹಾ: ಕಾರ್ಮಿಕರು ಕೇಳಿದ್ದು ಇಷ್ಟೇ. ಅದಕ್ಕೆ ಗುಂಡು ಹಾರಿತು. ಹದಿನೈದು ನಿಮಿಷವೂ ಹಿಡಿಯದ ಆ ನಾಟಕಕ್ಕೆ ಪರದೆಯಿಲ್ಲ, ದೀಪವಿಲ್ಲ. ನಟರ ಮೈಗಳೇ ಸೇರಿ ಯಂತ್ರವಾಗುತ್ತವೆ. 1989ರ ಜನವರಿ 1ರಂದು ಸಾಹಿಬಾಬಾದ್ ಕೈಗಾರಿಕಾ ಪ್ರದೇಶದಲ್ಲಿ ನಾಟಕವಾಡುತ್ತಿದ್ದಾಗ ಸಫ್ದರ್ ಮೇಲೆ ಹಲ್ಲೆಯಾಯಿತು. ಮರುದಿನ ಅವರು ತೀರಿಕೊಂಡರು. ಆಗ ಅವರಿಗೆ 34 ವರ್ಷ. ಜನವರಿ 4ರಂದು ಅವರ ಪತ್ನಿ ಮಲಯಶ್ರೀ ತಂಡದೊಂದಿಗೆ ಅದೇ ಜಾಗಕ್ಕೆ ಬಂದು, ನಿಂತುಹೋದ ನಾಟಕವನ್ನು ಆಡಿ ಮುಗಿಸಿದರು. ನಟನೆ ಎಂದರೆ ಬರೀ ಥಳುಕು ಎಂದುಕೊಂಡವರು ಇದನ್ನು ಒಮ್ಮೆ ಯೋಚಿಸಬೇಕು.

ಇನ್ನು ಶುರು ಮಾಡುವ ಬಗೆ. ಮೊದಲನೆಯದು ನಾಲಗೆ. ಮನೆಯಲ್ಲಿ ದಖ್ಖನಿ ಮಾತಾಡುವ ನಮ್ಮ ಮಕ್ಕಳಲ್ಲಿ ಕೆಲವರಿಗೆ ಕನ್ನಡದ ಳಕಾರ, ಣಕಾರಗಳು ತೊಡರುತ್ತವೆ. ಇದಕ್ಕೆ ನಾಚಿಕೆ ಬೇಡ. ಕುರ್‌ಆನ್ ಓದು ಕಲಿಯುವಾಗ ಯಾವ ಅಕ್ಷರ ಗಂಟಲಿನಿಂದ, ಯಾವುದು ನಾಲಗೆಯ ತುದಿಯಿಂದ ಹೊರಡಬೇಕೆಂದು ಉಸ್ತಾದರು ನಿಮ್ಮನ್ನು ತಿದ್ದಿಲ್ಲವೇ? ಆ ಪವಿತ್ರ ಪಠಣವೇ ಬೇರೆ, ನಾಟಕವೇ ಬೇರೆ. ಆದರೆ ತಾಳ್ಮೆಯಿಂದ ಉಚ್ಚಾರ ತಿದ್ದಿಸಿಕೊಳ್ಳುವ ಅಭ್ಯಾಸ ನಿಮಗೆ ಆಗಲೇ ಇದೆ. ಫಜ್ರ್ ನಮಾಜಿನ ನಂತರ, ಯಂತ್ರಗಳ ಸದ್ದು ಶುರುವಾಗುವ ಮೊದಲು, ಮಹಡಿಯ ಮೇಲೆ ಅರ್ಧ ಗಂಟೆ ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದಿ. ಗಂಟಲು ಹರಿದುಕೊಳ್ಳಬೇಡಿ, ಉಸಿರು ಹೊಟ್ಟೆಯಿಂದ ಬರಲಿ. ದಖ್ಖನಿಯನ್ನೂ ಬಿಡಬೇಡಿ. ಎರಡು ಭಾಷೆಯ ಲಯ ಬಲ್ಲ ನಟನಿಗೆ ಎರಡು ಪಟ್ಟು ಪಾತ್ರಗಳು ಒದಗುತ್ತವೆ.

ಎರಡನೆಯದು ಕಣ್ಣು. ಬಾಯ್ಲರ್ ಮುಂದೆ ನಿಂತವನ ಭುಜ, ಗಾರ್ಮೆಂಟ್ಸ್‌ನಿಂದ ಸಂಜೆ ಹೊರಬರುವ ಹೆಣ್ಣುಮಕ್ಕಳ ನಡಿಗೆ, ರಾತ್ರಿಪಾಳಿಯ ಕಾವಲುಗಾರನ ಕೂರುವ ಭಂಗಿ ಇವೆಲ್ಲ ನಿಮ್ಮ ಪಠ್ಯ. ಅಣಕಿಸಲು ನೋಡಬೇಡಿ, ಅರ್ಥಮಾಡಿಕೊಳ್ಳಲು ನೋಡಿ.

ಮೂರನೆಯದು ನಾಟಕ ನೋಡುವುದು. ಪೀಣ್ಯದಿಂದ ಹಸಿರು ಮಾರ್ಗದ ಮೆಟ್ರೋ ಹಿಡಿದು ಮಾರುಕಟ್ಟೆಯಲ್ಲಿ ಇಳಿದರೆ ರವೀಂದ್ರ ಕಲಾಕ್ಷೇತ್ರ ದೂರವಿಲ್ಲ. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಬಂದಿದೆ. ಆರ್.ವಿ. ರಸ್ತೆಯಲ್ಲಿ ಇಳಿದು ಜೆ.ಪಿ. ನಗರದ ರಂಗಶಂಕರಕ್ಕೆ ಹೋಗಬಹುದು. ಶಂಕರ್‌ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಅವರ ಶ್ರಮದಿಂದ 2004ರಲ್ಲಿ ಆರಂಭವಾದ ರಂಗಮಂದಿರವದು. ವೈಟ್‌ಫೀಲ್ಡ್ ಕಡೆಯ ರಾಮಗೊಂಡನಹಳ್ಳಿಯಲ್ಲಿ 2011ರಲ್ಲಿ ಜಾಗೃತಿ ರಂಗಮಂದಿರ ಆರಂಭವಾಯಿತು. ನಾಟಕ ಮುಗಿದ ಮೇಲೆ ತಂಡದವರನ್ನು ಮಾತನಾಡಿಸಿ. ಪಾತ್ರ ಕೇಳಬೇಡಿ, ಕೆಲಸ ಕೇಳಿ. ಪರದೆ ಕಟ್ಟುವುದು, ಸಾಮಾನು ಹೊರುವುದು, ಗೈರುಹಾಜರಾದವರ ಮಾತು ಓದುವುದು ಇವೇ ಹೊಸಬನ ಬಾಗಿಲು. ಸಮಯಕ್ಕೆ ಸರಿಯಾಗಿ ಬರುವವನನ್ನು ಯಾವ ತಂಡವೂ ಬಿಟ್ಟುಕೊಡುವುದಿಲ್ಲ.

ಒಂದೆರಡು ವರ್ಷ ಹೀಗೆ ದುಡಿದ ಮೇಲೂ ಆಸೆ ಉಳಿದಿದ್ದರೆ ಶಾಸ್ತ್ರೀಯ ಶಿಕ್ಷಣದ ಯೋಚನೆ ಮಾಡಿ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಕಟ್ಟಿದ ನೀನಾಸಂ, 1980ರಿಂದ ಕನ್ನಡದಲ್ಲಿಯೇ ರಂಗಶಿಕ್ಷಣ ಕೊಡುತ್ತಿದೆ. ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಅಲ್ಲಿ ಕಲಿತವರೇ. ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರವಿದೆ. ದೆಹಲಿಯ ಶಾಲೆಯ ಮೂರು ವರ್ಷದ ಕೋರ್ಸಿಗೆ ಪದವಿಯೂ ಬೇಕು, ನಾಟಕಗಳಲ್ಲಿ ದುಡಿದ ಅನುಭವವೂ ಬೇಕು. ಆದ್ದರಿಂದ ಓದು ಬಿಟ್ಟು ಓಡಬೇಡಿ. ನಟನಿಗೆ ಕೆಲಸವಿಲ್ಲದ ತಿಂಗಳುಗಳು ಬರುತ್ತವೆ. ಆಗ ಕೈಹಿಡಿಯುವುದು ನಿಮ್ಮ ಪದವಿ ಅಥವಾ ಐ.ಟಿ.ಐ. ಪ್ರಮಾಣಪತ್ರವೇ.

ಪೋಷಕರಲ್ಲಿ ಒಂದು ಅರಿಕೆ. ನಿಮ್ಮ ಆತಂಕ ಸಹಜ. ಧರ್ಮ, ಮರ್ಯಾದೆ, ಹೊಟ್ಟೆಪಾಡು ಮೂರೂ ಅದರಲ್ಲಿ ಸೇರಿವೆ. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ಮಾತನ್ನು ಮಕ್ಕಳ ಜೊತೆ ಕುಳಿತು ಆಡಿ. ತಾಲೀಮಿಗೆ ಒಮ್ಮೆ ನೀವೇ ಹೋಗಿ ನೋಡಿ. ಎಷ್ಟು ಗಂಟೆಗೆ ಮುಗಿಯುತ್ತದೆ, ಜೊತೆಯಲ್ಲಿ ಯಾರಿರುತ್ತಾರೆ ಎಂದು ಕೇಳಿ ತಿಳಿಯಿರಿ. ಮಕ್ಕಳೇ, ನೀವೂ ಅಷ್ಟೆ. ಮಗ್ರಿಬ್ ವೇಳೆಗೆ ಹತ್ತು ನಿಮಿಷ ಬಿಡುವು ಬೇಕು, ಇಂಥ ದೃಶ್ಯ ನಾನು ಮಾಡಲಾರೆ ಎಂಬುದನ್ನು ನಿರ್ದೇಶಕರಿಗೆ ಮೊದಲ ದಿನವೇ ವಿನಯದಿಂದ ತಿಳಿಸಿ. ಪಾತ್ರ ಒಲ್ಲೆ ಎನ್ನುವ ಹಕ್ಕು ನಟನಿಗೆ ಯಾವಾಗಲೂ ಇದೆ.

ನಮ್ಮ ಸಂಸ್ಥೆಯ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೆ. ಪ್ರತಿ ಭಾನುವಾರ ಮಧ್ಯಾಹ್ನ ಈ ಸಭಾಂಗಣದ ಬಾಗಿಲು ಎರಡು ಗಂಟೆ ತೆರೆದಿರಲಿ. ವರದಕ್ಷಿಣೆ, ಶಾಲೆ ಬಿಡಿಸುವುದು, ಗುತ್ತಿಗೆ ಕಾರ್ಮಿಕರ ಪಾಡು ಇಂಥ ವಿಷಯಗಳ ಮೇಲೆ ಮಕ್ಕಳೇ ಹದಿನೈದು ನಿಮಿಷದ ನಾಟಕ ಕಟ್ಟಲಿ. ಮುಂದಿನ ವರ್ಷದ ಸಮಾವೇಶದಲ್ಲಿ ಅದನ್ನು ಆಡಲಿ, ತಂದೆತಾಯಿಗಳು ಮುಂದಿನ ಸಾಲಿನಲ್ಲಿ ಕುಳಿತು ನೋಡಲಿ. ಆಸೆಯನ್ನು ಬೆಳಕಿಗೆ ತಂದರೆ ಅದು ವಿದ್ಯೆಯಾಗುತ್ತದೆ.