ಕೊಟ್ಟ ಸಾಲು, ಕಟ್ಟಿದ ಮಾತು



ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಪಠ್ಯದ ಕವಿತೆಯ ಧಾಟಿಯಲ್ಲೇ ತನ್ನ ಓಣಿಯ ಬಾವಿಯ ಮೇಲೆ ಎಂಟು ಸಾಲು ಬರೆದು ತಂದಳು. ನಾನು ಕೆಂಪು ಶಾಯಿಯಲ್ಲಿ ‘ನಕಲು’ ಎಂದು ಬರೆದೆ. ಆಮೇಲೆ ಆಕೆ ನನಗೆ ಏನನ್ನೂ ತೋರಿಸಲಿಲ್ಲ.

ಆದರೆ ಉರ್ದು ತರಗತಿಯಲ್ಲಿ ತರಹಿ ಮುಷಾಯಿರಾದ ಪಾಠ ಹೇಳುವವರೂ ನಾವೇ ಅಲ್ಲವೇ? ಅಲ್ಲಿ ಒಂದು ಸಾಲನ್ನು ಮೊದಲೇ ಕೊಡುತ್ತಾರೆ. ಕವಿಗಳೆಲ್ಲ ಅದೇ ಛಂದಸ್ಸು, ಅದೇ ಕಾಫಿಯಾ, ಅದೇ ರದೀಫಿನಲ್ಲಿ ಗಜಲ್ ಬರೆದು ತರಬೇಕು. ಕೊಟ್ಟ ಸಾಲಿಗೆ ತನ್ನ ಸಾಲನ್ನು ಜೋಡಿಸುವುದಕ್ಕೆ ‘ಗಿರಹ್’, ಅಂದರೆ ಗಂಟು, ಎನ್ನುತ್ತಾರೆ. ಸಭೆ ‘ವಾಹ್’ ಎಂದದ್ದನ್ನು ಮುಂದಿನ ಸಲ ನಾಲ್ವರು ಅನುಸರಿಸುತ್ತಾರೆ. ಸಭೆ ಸುಮ್ಮನಾದದ್ದು ತಾನೇ ಬಿದ್ದುಹೋಗುತ್ತದೆ. ಹೀಗೆ ಒಂದು ಕೂಟಕ್ಕೆ ಒಂದು ಶೈಲಿ ಮೂಡುತ್ತದೆ.

ಕಥೆಯಲ್ಲೂ ಹೀಗೆಯೇ. ಲಖನೌದ ನವಲ್ ಕಿಶೋರ್ ಪ್ರೆಸ್ 19ನೇ ಶತಮಾನದ ಕೊನೆಗೆ ಅಚ್ಚುಹಾಕಿದ ‘ತಿಲಿಸ್ಮ್-ಎ-ಹೋಶ್‌ರುಬಾ’ದ ಮೊದಲ 4 ಸಂಪುಟಗಳನ್ನು ಮುಹಮ್ಮದ್ ಹುಸೇನ್ ಜಾಹ್ ಬರೆದರು, ಮುಂದಿನವನ್ನು ಅಹ್ಮದ್ ಹುಸೇನ್ ಕಮರ್ ಬರೆದರು. ಅದರ ನಾಯಕ ಅಮೀರ್ ಹಂಜಾ ಇಬ್ಬರ ಸೃಷ್ಟಿಯೂ ಅಲ್ಲ. ತಲೆಮಾರುಗಳ ಕಥೆಗಾರರು ಹೇಳುತ್ತ ಬಂದವನು. ಇಂದು ಮಕ್ಕಳು ಮೆಚ್ಚಿನ ಪಾತ್ರಗಳನ್ನಿಟ್ಟುಕೊಂಡು ಮೊಬೈಲಿನಲ್ಲಿ ಹೊಸ ಕಥೆ ಬರೆದು, ಒಬ್ಬರದನ್ನೊಬ್ಬರು ಓದಿ ತಿದ್ದುವ ‘ಫ್ಯಾನ್ ಫಿಕ್ಷನ್’ ಇದೇ ದಾರಿಯದು.

ದೂರವೇಕೆ, ನಮ್ಮ ಜಿಲ್ಲೆಯ ಕಲ್ಯಾಣವನ್ನೇ ನೋಡಿ. 12ನೇ ಶತಮಾನದಲ್ಲಿ ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ಅಕ್ಕಿ ಆಯುವವರು ಒಂದೇ ಬಗೆಯಲ್ಲಿ ವಚನ ನುಡಿದರು: ಆಡುಮಾತು, ಚಿಕ್ಕ ವಾಕ್ಯ, ಕೊನೆಗೆ ಅಂಕಿತ. ಬಗೆ ಎಲ್ಲರದು, ಅಂಕಿತ ಅವರವರದು. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ಗಜಲಿನ ಕೊನೆಯಲ್ಲಿ ಬರುವ ತಖಲ್ಲುಸ್ ಕೂಡ ಇಂಥದೇ ಗುರುತು.

ಹಾಗಾದರೆ ನಕಲು ಯಾವುದು? ಗೈಡಿನ ಉತ್ತರವನ್ನು ಹಾಗೆಯೇ ಇಳಿಸುವುದು ನಕಲು. ಅದರಲ್ಲಿ ಬರೆದವರದ್ದು ಏನೂ ಇರುವುದಿಲ್ಲ. ಆ ಹುಡುಗಿಯ ಬರಹದಿಂದ ಧಾಟಿಯನ್ನು ತೆಗೆದರೂ ಅವಳ ಬಾವಿ ಉಳಿಯುತ್ತಿತ್ತು. ಅದು ನನಗೆ ಕಾಣಲಿಲ್ಲ.

ವಿದ್ಯಾರ್ಥಿಗಳೇ, ಮೆಚ್ಚಿದ ಧಾಟಿಯನ್ನು ಧೈರ್ಯವಾಗಿ ಹಿಡಿಯಿರಿ. ಅದರೊಳಗೆ ನಿಮ್ಮ ಓಣಿ, ನಿಮ್ಮ ಮನೆ, ನಿಮ್ಮ ಮಾತು ಇರಲಿ. ಬರೆದದ್ದನ್ನು ಗೆಳೆಯರಿಗೆ ಓದಿ ಹೇಳಿ, ಅವರದನ್ನೂ ಕೇಳಿ. ಶಿಕ್ಷಕ ಬಂಧುಗಳೇ, ಕೆಂಪು ಶಾಯಿ ಎತ್ತುವ ಮೊದಲು ಇನ್ನೊಮ್ಮೆ ಓದಿ. ಮೆಹಕರದ ನನ್ನ ತರಗತಿಯಲ್ಲಿ ಈಗ ವಾರಕ್ಕೊಂದು ಸಾಲು ಕೊಡುತ್ತೇನೆ. ಮಕ್ಕಳು ಗಂಟು ಹಾಕಿ ತರುತ್ತಾರೆ.