ಹೊನ್ನಾವರದ 36 ಶಾಲೆ, ಮಿರ್ಜಾನಿನ ಮೆಣಸು: ಮಕ್ಕಳಿಗೆ ಇತಿಹಾಸ ಹೇಗೆ ಹೇಳೋಣ?

ಇವತ್ತಿನ ಮಾತು ಪ್ರೈಮರಿ ಶಾಲೆಯ ಇತಿಹಾಸ ಪಾಠದ ಬಗ್ಗೆ.

ನಾನು ಓದಿದ್ದು ಬಿ.ಕಾಂ. ಇತಿಹಾಸದಲ್ಲಿ ಡಿಗ್ರಿ ಇಲ್ಲ, ಆದ್ರೆ ವ್ಯಾಪಾರ ಅಂದ್ರೆ ಕಿವಿ ನೆಟ್ಟಗಾಗುತ್ತೆ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಹಳೇ ಬಂದರು. ಇಲ್ಲಿಂದ ಹಡಗು ತುಂಬ ಸರಕು ಹೋಗಿದೆ, ಹಡಗು ತುಂಬ ಜನ ಬಂದಿದ್ದಾರೆ. ಆದ್ರೂ ಇಲ್ಲಿನ ನಾಲ್ಕನೇ ಕ್ಲಾಸಿನ ಮಗುವನ್ನ "ಇತಿಹಾಸ ಎಲ್ಲಿ ನಡೀತು?" ಅಂತ ಕೇಳಿ ನೋಡಿ. ಹಂಪಿ, ಮೈಸೂರು, ದೆಹಲಿ ಅಂತ ಹೇಳುತ್ತೆ. ತನ್ನ ಊರಿನ ಹೆಸರು ಬರೋದೇ ಇಲ್ಲ.

ಹಾಗಾದ್ರೆ ಊರಿಂದಲೇ ಶುರು ಮಾಡೋಣ. ಮೊದಲು ಹೊನ್ನಾವರ. 1342ರ ಸುಮಾರಿಗೆ ಮೊರಾಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ. ಊರಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಇವೆ, ಇಂಥದ್ದನ್ನ ಬೇರೆಲ್ಲೂ ನೋಡಿಲ್ಲ ಅಂತ ಬರೆದಿಟ್ಟ. ಇದನ್ನ ಕ್ಲಾಸಲ್ಲಿ ಹೇಳಿ, ಸುಮ್ಮನೆ ಒಂದು ನಿಮಿಷ ಕಾಯಿರಿ. ಮೊದಲು ಯಾರೋ ಕೂಡಿಸಿ 36 ಅಂತಾರೆ. ಆಮೇಲೆ ಪ್ರಶ್ನೆಗಳ ಮಳೆ. ಏನು ಕಲಿಸ್ತಿದ್ರು? ಇಲ್ಲಿನ ಹೆಂಗಸರಿಗೆ ಕುರಾನ್ ಬಾಯಿಪಾಠ ಬರುತ್ತಿತ್ತು ಅಂತಲೂ ಅವನು ಬರೆದಿದ್ದಾನೆ, ಅದೊಂದು ಸುಳಿವು. ಮಧ್ಯಾಹ್ನ ಊಟ ಕೊಡ್ತಿದ್ರಾ? ಅದನ್ನ ಅವನು ಬರೆದಿಲ್ಲ. ಒಬ್ಬ ಮನುಷ್ಯ ಕಂಡಿದ್ದನ್ನ ಬರೆದಿಟ್ಟಿದ್ದಕ್ಕೆ ಇಷ್ಟಾದ್ರೂ ನಮಗೆ ಗೊತ್ತು, ಬರೆಯದೇ ಬಿಟ್ಟಿದ್ದು ಗೊತ್ತಿಲ್ಲ. ಇತಿಹಾಸದ ಮೊದಲ ಪಾಠ ಅಲ್ಲೇ ಆಗಿಹೋಯ್ತು.

ಇನ್ನು ಭಟ್ಕಳ. ಇಲ್ಲಿ ಪುಸ್ತಕವೂ ಬೇಡ, ಕಣ್ಣು ಸಾಕು. ಖೇತಪೈ ನಾರಾಯಣ ದೇವಸ್ಥಾನ ನೋಡಿ, ಪೇಟೆಯ ಚಂದ್ರನಾಥೇಶ್ವರ ಬಸದಿ ನೋಡಿ. ಒಂದು ವೈಷ್ಣವರದ್ದು, ಇನ್ನೊಂದು ಜೈನರದ್ದು. ಎರಡಕ್ಕೂ ಕಲ್ಲಿನ ಚಪ್ಪಡಿಯದೇ ಮಾಡು, ಎರಡೂ ಇಳಿಜಾರು. "ಯಾಕೆ ಹೀಗೆ ಕಟ್ಟಿದ್ರು?" ಅಂತ ಬಯಲುಸೀಮೆಯ ಮಗುವನ್ನ ಕೇಳಿದ್ರೆ ಯೋಚನೆ ಮಾಡಬೇಕು. ನಮ್ಮ ಮಕ್ಕಳು ತಕ್ಷಣ ಹೇಳ್ತಾರೆ, "ಮಳೆಗೆ!" ಅವರ ಮನೆಯ ಹಂಚಿನ ಮಾಡೂ ಹಾಗೇ ಇರುತ್ತಲ್ಲ. ಕಲ್ಲನ್ನ ನೋಡಿ ಕಾರಣ ಹೇಳೋದನ್ನ ಆ ಮಗು ಆಗಲೇ ಕಲಿತುಬಿಟ್ಟಿತು.

ಈಗ ಕುಮಟಾ ಕಡೆ, ಮಿರ್ಜಾನ್ ಕೋಟೆಗೆ. ಹೈವೇ ಪಕ್ಕದಲ್ಲೇ ಇದೆ, ಚಿರೇಕಲ್ಲಿನ ಕೋಟೆ. ರೀಲ್ಸ್ ಮಾಡೋಕೆ ನೀವೂ ಹೋಗಿರ್ತೀರಿ. ಈ ಕೋಟೆ ಜೊತೆ ಕೇಳಿಬರೋ ಹೆಸರು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. ಆಳಿದ್ದು 1552ರಿಂದ 1606ರವರೆಗೆ ಅಂತಾರೆ, 54 ವರ್ಷ. ಪೋರ್ಚುಗೀಸರು ಇವಳನ್ನ ಕಾಳುಮೆಣಸಿನ ರಾಣಿ ಅಂತ ಕರೀತಿದ್ರು. ಘಟ್ಟದ ಮೆಣಸು ಹೊಳೆ ದಾಟಿ ಬಂದರಿಗೆ, ಬಂದರಿನಿಂದ ಯುರೋಪಿಗೆ. ಆ ವ್ಯಾಪಾರ ಪೂರ್ತಿ ತಮ್ಮದೇ ಕೈಲಿರಬೇಕು ಅನ್ನೋದು ಪೋರ್ಚುಗೀಸರ ಹಟ. ತಮ್ಮ ಪರವಾನಗಿ ಚೀಟಿ ಇಲ್ಲದ ಹಡಗನ್ನ ಸಮುದ್ರದಲ್ಲೇ ಹಿಡೀತಿದ್ರು. 1569ರಲ್ಲಿ ಹೊನ್ನಾವರದ ಮೇಲೇ ಬಿದ್ರು.

ಇಷ್ಟನ್ನೂ ಬೋರ್ಡ್ ಮೇಲೆ ಬರೆದು ಕಾಪಿ ಮಾಡಿಸಿದ್ರೆ ಮಕ್ಕಳು ನಿದ್ದೆ ಹೋಗ್ತಾರೆ. ನಮ್ಮ ಹತ್ರ ಇದಕ್ಕಿಂತ ಒಳ್ಳೇ ದಾರಿ ಇದೆ, ತಾಳಮದ್ದಳೆ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆಯವರ ಇಡಗುಂಜಿ ಮೇಳ 1934ರಿಂದ ಇದೆ. ಯಕ್ಷಗಾನ ಇಲ್ಲಿನ ಮಕ್ಕಳಿಗೆ ಹೊಸದೇನಲ್ಲ. ತಾಳಮದ್ದಳೆಗೆ ವೇಷ ಬೇಡ, ಕುಣಿತ ಬೇಡ, ದುಡ್ಡೂ ಬೇಡ. ಕೂತು ಮಾತಾಡಿದ್ರೆ ಆಯ್ತು. ಅಕ್ಕೋರು ಅಥವಾ ಮಾಸ್ತರು ಭಾಗವತರ ಜಾಗದಲ್ಲಿ ಕೂತು ಕತೆ ಮುಂದೆ ಸಾಗಿಸಲಿ. ಮಕ್ಕಳು ಅರ್ಥ ಹೇಳಲಿ.

ಬೇಸಿಗೆ ರಜೆಯಲ್ಲಿ ಅಕ್ಕನ ಮಕ್ಕಳ ಜೊತೆ ಇದನ್ನ ಮಾಡಿದೆ. ದೊಡ್ಡವಳು ರಾಣಿ, ಅವಳ ತಮ್ಮ ಪೋರ್ಚುಗೀಸ್ ಕಪ್ತಾನ, ಪಕ್ಕದ ಮನೆಯ ಸಣ್ಣವನು ಮೆಣಸು ಬೆಳೆಯೋನು. ಕಪ್ತಾನ ಗತ್ತಿನಲ್ಲಿ, "ನನ್ನ ಚೀಟಿ ಇಲ್ಲದೆ ನಿನ್ನ ಹಡಗು ಸಮುದ್ರಕ್ಕೆ ಇಳಿಯೋ ಹಾಗಿಲ್ಲ" ಅಂದ. ರಾಣಿ, "ಸಮುದ್ರ ಏನು ನಿನ್ನ ಅಪ್ಪಂದಾ?" ಅಂದ್ಲು. ಇಬ್ಬರದೂ ಜೋರಾಯ್ತು. ಆಗ ಬೆಳೆಗಾರ ನನ್ನ ಕಡೆ ತಿರುಗಿ, "ಮಾವಾ, ಇವರಿಬ್ಬರ ಜಗಳದಲ್ಲಿ ನನಗೆ ಎಷ್ಟು ಸಿಗುತ್ತೆ?" ಅಂತ ಕೇಳಿದ.

ಮೂರು ವರ್ಷದ ಬಿ.ಕಾಂ.ನಲ್ಲಿ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಕತೆಯಲ್ಲಿ ರಾಣಿ ಇದ್ದಾಳೆ, ಕಪ್ತಾನ ಇದ್ದಾನೆ, ಬಳ್ಳಿ ಹತ್ತಿ ಮೆಣಸು ಕೊಯ್ದವನ ಹೆಸರೇ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಆಟದಲ್ಲಿ ಹೇಳಿದ್ದೆಲ್ಲ ನಡೆದದ್ದೇ ಅಂತ ಮಕ್ಕಳು ನಂಬಿಬಿಡಬಾರದು. ಅದಕ್ಕೆ ಆಟ ಮುಗಿದ ಮೇಲೆ ಬೋರ್ಡ್ ಮೇಲೆ ಮೂರು ಸಾಲು ಮಾಡಿ: "ಬರೆದದ್ದು ಇದೆ", "ಜನ ಹೇಳ್ತಾರೆ", "ನಾವು ಕಟ್ಟಿದ್ದು". ಚೀಟಿ ಮೊದಲನೇದಕ್ಕೆ. "ನಿನ್ನ ಅಪ್ಪಂದಾ" ಮೂರನೇದಕ್ಕೆ. ಯಾವುದು ಎಲ್ಲಿಗೆ ಅಂತ ಮಕ್ಕಳೇ ಜಗಳಾಡಲಿ. ಕೋಟೆಗೆ ಕರ್ಕೊಂಡು ಹೋಗೋದಾದ್ರೆ ಒಳಗೆ ಬಾವಿಗಳಿವೆ, ಮಳೆಗಾಲದಲ್ಲಿ ಕಲ್ಲು ಜಾರುತ್ತೆ, ಮಕ್ಕಳ ಲೆಕ್ಕ ತಪ್ಪದಿರಲಿ.

ಇಷ್ಟೆಲ್ಲ ಯಾಕೆ ಅಂದ್ರೆ, ಇನ್ನು ಐದಾರು ವರ್ಷಕ್ಕೆ ಇದೇ ಮಕ್ಕಳ ಕೈಗೆ ಫೋನ್ ಬರುತ್ತೆ. ಫೋನಲ್ಲಿ ಇತಿಹಾಸ ಬರುತ್ತೆ, ಹಿನ್ನೆಲೆಯಲ್ಲಿ ಡ್ರಮ್ ಬಾರಿಸ್ತಾ, "ಶೇರ್ ಮಾಡದಿದ್ರೆ ನೀವು ಹೇಡಿ" ಅಂತ ಬೈತಾ ಬರುತ್ತೆ. ಭಟ್ಕಳ ಅಂದ್ರೆ ಹೊರಗಿನವರು ಏನು ನೆನೆಸಿಕೊಳ್ತಾರೆ ಅಂತ ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ. ಆ ಫಾರ್ವರ್ಡ್ ಬಂದ ದಿನ "ಯಾರು ಬರೆದದ್ದು? ಅವರು ನೋಡಿದ್ರಾ?" ಅಂತ ಕೇಳೋ ಅಭ್ಯಾಸ ಒಂಬತ್ತನೇ ವಯಸ್ಸಿಗೇ ಬಂದಿರಬೇಕು. ಹತ್ತೊಂಬತ್ತಕ್ಕೆ ಕಲಿಸೋದು ಬಹಳ ಕಷ್ಟ.

ಮನೇಲಿ ಪ್ರೈಮರಿ ಓದೋ ಮಗು ಇದ್ರೆ ಈ ಭಾನುವಾರ ಅರ್ಧ ಗಂಟೆ ಕೊಡಿ. ಒಂದು ಮುಷ್ಟಿ ಕಾಳುಮೆಣಸು ಮುಂದಿಡಿ, ಪಾತ್ರ ಹಂಚಿ, ಮಾತು ಶುರು ಮಾಡಿ. ನಿಮ್ಮ ಬೆಳೆಗಾರ ಏನು ಕೇಳಿದ ಅಂತ ನನಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.