ವಾಹನ ಕಾರ್ಯಕ್ರಮಗಳು: ಮೋಜಿಗೋ, ಮಾಹಿತಿಗೋ?
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಶಿಕ್ಷಣ ಸಂಘದ ವೇದಿಕೆಯಲ್ಲಿ ಟಿ.ವಿ.ಯ ಕಾರು, ಬೈಕು ಕಾರ್ಯಕ್ರಮಗಳ ಬಗ್ಗೆ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ನಮ್ಮ ಚಾಮರಾಜಪೇಟೆಯಿಂದ ಜೆ.ಸಿ. ರಸ್ತೆಗೂ ಕಲಾಸಿಪಾಳ್ಯಕ್ಕೂ ನಡೆದೇ ಹೋಗಬಹುದು. ಅಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕುಳಿತವರು, ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚುವವರು, ಟಿಂಕರಿಂಗ್, ಪೇಂಟಿಂಗ್, ವೈರಿಂಗ್ ಮಾಡುವವರು, ಸೀಟ್ ಕವರ್ ಹೊಲಿಯುವವರು, ಆಟೋ ಓಡಿಸುವವರು ಎಂದು ಎಣಿಸುತ್ತಾ ಹೋದರೆ ನಮ್ಮಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ವಾಹನದಿಂದ ಎಂಬುದು ತಿಳಿಯುತ್ತದೆ. ಅದೇ ಮನೆಗಳ ಹುಡುಗರು ರಾತ್ರಿ ಪರದೆಯ ಮೇಲೆ ನೋಡುವುದೂ ವಾಹನವನ್ನೇ. ಹಾಗಿದ್ದ ಮೇಲೆ ಆ ಪರದೆ ಅವರಿಗೆ ಏನನ್ನು ಕೊಡುತ್ತಿದೆ ಎಂದು ಕೇಳುವುದು ಶಿಕ್ಷಣದ ಪ್ರಶ್ನೆಯೇ ಆಗುತ್ತದೆ.

ಟಿ.ವಿ. ಮನರಂಜನೆಗೋ ಮಾಹಿತಿಗೋ ಎಂಬುದು ಹಳೆಯ ಚರ್ಚೆ. ಬಿ.ಬಿ.ಸಿ.ಯ ಮೊದಲ ಮುಖ್ಯಸ್ಥ ಜಾನ್ ರೀತ್ ಪ್ರಸಾರದ ಕೆಲಸ ಮೂರು ಎಂದು ಭಾವಿಸಿದ್ದರು: ತಿಳಿಸುವುದು, ಕಲಿಸುವುದು, ರಂಜಿಸುವುದು. ನಮ್ಮ ದೇಶದಲ್ಲಿ 1975ರ ಆಗಸ್ಟ್‌ನಿಂದ ಒಂದು ವರ್ಷ 'ಸೈಟ್' ಎಂಬ ಉಪಗ್ರಹ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ತಲುಪಿತು. ನಮ್ಮ ರಾಜ್ಯದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಇವೇ ಅದರ ಮುಖ್ಯ ಉದ್ದೇಶ. ಮುಂದೆ 1984ರಲ್ಲಿ ದೂರದರ್ಶನದ 'ಹಮ್ ಲೋಗ್' ಧಾರಾವಾಹಿ ಬಂತು. ಅದರ ಮೊದಲ ಕಂತುಗಳಲ್ಲಿ ಕುಟುಂಬ ಯೋಜನೆಯ ಉಪದೇಶ ಹೆಚ್ಚಾಯಿತೆಂದು ಜನ ಮುಖ ತಿರುಗಿಸಿದರು. ಉಪದೇಶ ತಗ್ಗಿಸಿ ಕಥೆ ಹೆಚ್ಚಿಸಿದ ಮೇಲೆ ಇಡೀ ದೇಶವೇ ನೋಡಿತು. ಬರೀ ಬೋಧನೆ ಮಾಡಿದರೆ ಯಾರೂ ಕೂರುವುದಿಲ್ಲ ಎಂಬ ಪಾಠ ಅಂದೇ ಸಿಕ್ಕಿದೆ. ಆದ್ದರಿಂದ ಮನರಂಜನೆಯೇ ಕೆಟ್ಟದ್ದು ಎಂದು ಹೇಳಲು ನಾನು ನಿಂತಿಲ್ಲ.

ಈಗ ವಾಹನ ಕಾರ್ಯಕ್ರಮಕ್ಕೆ ಬರೋಣ. ಜಗತ್ತಿನಲ್ಲೇ ಹೆಸರಾದದ್ದು ಬಿ.ಬಿ.ಸಿ.ಯ 'ಟಾಪ್ ಗೇರ್'. 1977ರಲ್ಲಿ ಅದು ಸ್ಥಳೀಯ ಮಟ್ಟದಲ್ಲಿ ಶುರುವಾದಾಗ ಇಂಧನ ಉಳಿತಾಯ, ರಸ್ತೆ ಸುರಕ್ಷತೆ, ಯಾವ ಕಾರು ಕೊಳ್ಳಬೇಕು ಎಂಬಂಥ ಸಾದಾ ವಿಷಯಗಳಿದ್ದವು. 2002ರಲ್ಲಿ ಹೊಸ ರೂಪದಲ್ಲಿ ಬಂದಾಗ ಅದು ಹಾಸ್ಯ, ಸಾಹಸ, ಸ್ಪರ್ಧೆಗಳ ಮೇಳವಾಯಿತು, ಜನಪ್ರಿಯತೆಯೂ ಮುಗಿಲು ಮುಟ್ಟಿತು. ಅದಕ್ಕೆ ತೆತ್ತ ಬೆಲೆಯೂ ಇದೆ. 2006ರಲ್ಲಿ ಅದರ ನಿರೂಪಕ ರಿಚರ್ಡ್ ಹ್ಯಾಮಂಡ್ ಜೆಟ್ ಎಂಜಿನ್ ಕಾರು ಓಡಿಸುವಾಗ ಗಂಟೆಗೆ ಸುಮಾರು 460 ಕಿಲೋಮೀಟರ್ ವೇಗದಲ್ಲಿ ಟೈರ್ ಸಿಡಿದು ತಲೆಗೆ ತೀವ್ರ ಪೆಟ್ಟಾಯಿತು. 2022ರ ಡಿಸೆಂಬರ್‌ನಲ್ಲಿ ಮಾಜಿ ಕ್ರಿಕೆಟಿಗ ಆಂಡ್ರ್ಯೂ ಫ್ಲಿಂಟಾಫ್ ಚಿತ್ರೀಕರಣದಲ್ಲಿ ಗಂಭೀರವಾಗಿ ಗಾಯಗೊಂಡರು. 2023ರ ನವೆಂಬರ್‌ನಲ್ಲಿ ಬಿ.ಬಿ.ಸಿ. ಆ ಕಾರ್ಯಕ್ರಮವನ್ನು ಅನಿರ್ದಿಷ್ಟ ಕಾಲದವರೆಗೆ ನಿಲ್ಲಿಸುವುದಾಗಿ ಪ್ರಕಟಿಸಿತು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಕರಣವಿದೆ. 2008ರಲ್ಲಿ ಆ ಕಾರ್ಯಕ್ರಮ ಟೆಸ್ಲಾ ಕಂಪನಿಯ ವಿದ್ಯುತ್ ಕಾರನ್ನು ಪರೀಕ್ಷಿಸಿ, ಚಾರ್ಜ್ ಮುಗಿದರೆ ಏನಾಗುತ್ತದೆ ಎಂಬಂತೆ ಕಾರನ್ನು ತಳ್ಳಿಕೊಂಡು ಹೋಗುವ ದೃಶ್ಯ ತೋರಿಸಿತು. ಚಾರ್ಜ್ ಮುಗಿದೇ ಇರಲಿಲ್ಲ ಎಂದು ಕಂಪನಿ 2011ರಲ್ಲಿ ಮೊಕದ್ದಮೆ ಹೂಡಿತು. ಇಂಗ್ಲೆಂಡಿನ ಹೈಕೋರ್ಟ್ ಅದನ್ನು ವಜಾ ಮಾಡಿತು, 2013ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಪರೀಕ್ಷಾ ಟ್ರ್ಯಾಕಿನ ಓಟಕ್ಕೂ ಸಾರ್ವಜನಿಕ ರಸ್ತೆಯ ಓಟಕ್ಕೂ ಇರುವ ವ್ಯತ್ಯಾಸ ವಿವೇಕವುಳ್ಳ ವೀಕ್ಷಕನಿಗೆ ತಿಳಿದೇ ಇರುತ್ತದೆ ಎಂಬುದು ನ್ಯಾಯಾಲಯದ ನೋಟ. ಕಾನೂನಿನ ದೃಷ್ಟಿಯಿಂದ ಅದು ಸರಿ ಇರಬಹುದು. ಆದರೆ ಹದಿನಾರು ವರ್ಷದ ಹುಡುಗನಿಗೆ ಆ ವ್ಯತ್ಯಾಸ ತಿಳಿದಿದೆಯೇ? ಟ್ರ್ಯಾಕಿನಲ್ಲಿ ಆಂಬುಲೆನ್ಸ್ ಕಾದು ನಿಂತಿರುತ್ತದೆ. ಮೈಸೂರು ರಸ್ತೆಯ ಮೇಲ್ಸೇತುವೆಯಲ್ಲಿ ಯಾರು ಕಾದಿರುತ್ತಾರೆ?

ನಮ್ಮ ಮನೆಯ ಮಾತನ್ನೂ ಮುಚ್ಚಿಡದೆ ಆಡೋಣ. ಶಬೇ ಬರಾತ್‌ನಂಥ ಪ್ರಾರ್ಥನೆಯ ರಾತ್ರಿ ಬೈಕುಗಳ ವೀಲಿಂಗ್ ತಡೆಯಲು ಪೊಲೀಸರು ಬೆಂಗಳೂರಿನ ಮೇಲ್ಸೇತುವೆಗಳನ್ನೇ ಮುಚ್ಚಬೇಕಾಗಿ ಬಂದ ವರ್ಷಗಳಿವೆ. ಮಸೀದಿಗಳಿಂದ ಹಿರಿಯರು ಮನವಿ ಮಾಡಬೇಕಾಗಿ ಬಂದಿದೆ. ಇದಕ್ಕೆ ಟಿ.ವಿ.ಯೊಂದೇ ಕಾರಣ ಎನ್ನುವುದು ಅನ್ಯಾಯ. ಆದರೆ ಬೈಕೆಂದರೆ ಮುಂದಿನ ಚಕ್ರ ಎತ್ತುವುದು, ಕಾರೆಂದರೆ ಹೊಗೆ ಎಬ್ಬಿಸಿ ತಿರುಗಿಸುವುದು ಎಂಬ ಚಿತ್ರವನ್ನು ಹುಡುಗರ ಕಣ್ಣಿಗೆ ಕಟ್ಟಿದ್ದರಲ್ಲಿ ಪರದೆಯ ಪಾಲೂ ಇದೆ.

ಲೆಕ್ಕ ನೋಡಿ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾದವು, 1,68,491 ಜನ ಸತ್ತರು. ಸತ್ತವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅದರಲ್ಲಿ 14 ಸಾವಿರಕ್ಕೂ ಹೆಚ್ಚು ಜನ ಹಿಂದೆ ಕುಳಿತವರು. ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಹೆಲ್ಮೆಟ್ ಧರಿಸುವುದರಿಂದ ಸಾವಿನ ಅಪಾಯ ಸುಮಾರು ನೂರಕ್ಕೆ 42ರಷ್ಟು, ತಲೆಗೆ ಆಗುವ ಗಾಯದ ಅಪಾಯ ನೂರಕ್ಕೆ 69ರಷ್ಟು ತಗ್ಗುತ್ತದೆ ಎಂದು ವೈದ್ಯಕೀಯ ಅಧ್ಯಯನಗಳು ತೋರಿಸಿವೆ. ಹೊಸ ಬೈಕು ಎಷ್ಟು ಸೆಕೆಂಡಿನಲ್ಲಿ ನೂರರ ವೇಗ ಮುಟ್ಟುತ್ತದೆ ಎಂದು ಹೇಳುವ ನಿರೂಪಕ, ಅದೇ ವೇಗದಲ್ಲಿ ಬ್ರೇಕ್ ಹಿಡಿದರೆ ಎಷ್ಟು ದೂರ ಹೋಗಿ ನಿಲ್ಲುತ್ತದೆ ಎಂಬುದನ್ನೂ ಹೇಳಲಿ. ಅದಕ್ಕೆ ಒಂದು ನಿಮಿಷ ಸಾಕು.

ನಮ್ಮ ದೇಶದ ಕಾರ್ಯಕ್ರಮಗಳನ್ನು ಪೂರ್ತಿ ತೆಗಳುವಂತಿಲ್ಲ. ಎನ್.ಡಿ.ಟಿ.ವಿ.ಯ 'ಕಾರ್ ಅಂಡ್ ಬೈಕ್ ಶೋ', ಸಿ.ಎನ್.ಬಿ.ಸಿ. ಟಿ.ವಿ. 18ರ 'ಓವರ್‌ಡ್ರೈವ್' ಇವು ಬೆಲೆ, ಮೈಲೇಜ್, ಒಳಗಿನ ಜಾಗ, ಎರಡು ಮಾದರಿಗಳ ಹೋಲಿಕೆ ಎಲ್ಲವನ್ನೂ ತೋರಿಸಿದವು. ಆದರೆ ಅವು ಮಾತಾಡಿದ್ದು ಇಂಗ್ಲಿಷ್‌ನಲ್ಲಿ, ಹೊಸ ಕಾರು ಕೊಳ್ಳುವವರ ಜೊತೆ. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿವೆ. ಅವುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ದ್ವಿಚಕ್ರ ವಾಹನಗಳೇ. ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಳ್ಳುವ ಬಡ ತಂದೆಗೆ ಯಾರು ಮಾಹಿತಿ ಕೊಟ್ಟರು? ಆರ್.ಸಿ. ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು, ಸಾಲ ತೀರಿದ್ದರೆ ಅದನ್ನು ಆರ್.ಸಿ.ಯಿಂದ ತೆಗೆಸಲು ಫಾರಂ 35 ಬೇಕು ಎಂದು ಯಾವ ಕಾರ್ಯಕ್ರಮ ಹೇಳಿತು? ವಾಹನ ಮಾರಿದ ಮೇಲೂ ಆರ್.ಸಿ. ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕನ ಮೇಲೆಯೇ ಬೀಳುತ್ತದೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ಎಂದೋ ಮಾರಿದ ಸ್ಕೂಟರ್ ಮನೆ ಮಠ ಮಾರಿಸಬಲ್ಲದು. ಪೋಷಕರಿಗೆ ಇನ್ನೊಂದು ಮಾತು. 2019ರ ತಿದ್ದುಪಡಿಯಂತೆ ಅಪ್ರಾಪ್ತ ಮಗ ವಾಹನ ಓಡಿಸಿ ಅಪರಾಧ ಮಾಡಿದರೆ ತಂದೆಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆಮನೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಇನ್ನು ಗ್ಯಾರೇಜಿನವರ ಸ್ಥಿತಿ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿ.ಎಸ್. 6 ಮಾನದಂಡ ಜಾರಿಯಾಯಿತು. ಅಲ್ಲಿಯವರೆಗೆ ಹೆಚ್ಚಿನ ಬೈಕುಗಳಲ್ಲಿ ಕಾರ್ಬ್ಯುರೇಟರ್ ಇತ್ತು. ಸ್ಕ್ರೂ ಡ್ರೈವರ್ ಹಿಡಿದು, ಎಂಜಿನ್ನಿನ ಸದ್ದು ಕೇಳಿ ಟ್ಯೂನಿಂಗ್ ಮಾಡುವ ಉಸ್ತಾದರಿದ್ದರು. ಬಿ.ಎಸ್. 6 ಬಂದ ಮೇಲೆ ಬಹುಪಾಲು ಬೈಕುಗಳಿಗೆ ಫ್ಯುಯಲ್ ಇಂಜೆಕ್ಷನ್ ಬಂತು. ಸೆನ್ಸರ್‌ಗಳು ಬಂದವು, ಅವುಗಳ ಮಾತು ಕೇಳಿ ಎಷ್ಟು ಪೆಟ್ರೋಲ್ ಬಿಡಬೇಕೆಂದು ತೀರ್ಮಾನಿಸುವ ಪುಟ್ಟ ಕಂಪ್ಯೂಟರ್ ಬಂತು. ದೋಷ ಎಲ್ಲಿದೆ ಎಂದು ತಿಳಿಯಲು ಸ್ಕ್ಯಾನರ್ ಬೇಕು. ಈಗ ವಿದ್ಯುತ್ ಸ್ಕೂಟರ್‌ಗಳು ಬಂದಿವೆ. ಅವುಗಳಲ್ಲಿ ಕಾರ್ಬ್ಯುರೇಟರ್ ಇರಲಿ, ಎಂಜಿನ್ ಆಯಿಲ್ ಕೂಡ ಇಲ್ಲ. ಮೂವತ್ತು ವರ್ಷದ ಕೈಚಳಕ ಮೂಲೆಗೆ ಬೀಳುವ ಹೊತ್ತಿನಲ್ಲಿ ಪರದೆಯ ಮೇಲೆ ಕೋಟಿ ರೂಪಾಯಿಯ ಕಾರು ಟೈರ್ ಸುಡುತ್ತಿರುತ್ತದೆ. ಅದನ್ನು ನೋಡಿ ಉಸ್ತಾದರಿಗೂ ಖುಷಿಯಾಗಬಹುದು. ಆದರೆ ಮಾರನೆಯ ಬೆಳಿಗ್ಗೆ ಅಂಗಡಿ ಬಾಗಿಲು ತೆರೆದಾಗ ಆ ಖುಷಿ ಅವರ ಕೈಗೆ ಒಂದು ಸ್ಪ್ಯಾನರನ್ನೂ ಕೊಡುವುದಿಲ್ಲ.

ಹಾಗಾದರೆ ಮಾಹಿತಿ ನೀರಸವೇ? ಅಲ್ಲ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ತೋರಿಸಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಬೊಂಬೆಯ ತಲೆ ಸ್ಟೀರಿಂಗಿಗೆ ಬಡಿಯುವ ಆ ದೃಶ್ಯವನ್ನು ನೋಡಿದವರು ಮರೆಯಲಾರರು. ಯಾವ ಸಾಹಸ ದೃಶ್ಯಕ್ಕೂ ಅದು ಕಡಿಮೆಯಲ್ಲ. ಅದಾದ ಮೇಲೆ ಕೊಳ್ಳುವವರು ನಕ್ಷತ್ರದ ಲೆಕ್ಕ ಕೇಳತೊಡಗಿದರು, 2018ರಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆಯಿತು, 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆ ಶುರುವಾಯಿತು. ಹಾಗೆಯೇ 2015ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಡೀಸೆಲ್ ಹೊಗೆಯ ವಂಚನೆಯ ಸುಳಿವು ಸಿಕ್ಕಿದ್ದು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಕಾರನ್ನು ರಸ್ತೆಗಿಳಿಸಿ ಅಳತೆ ಮಾಡಿದಾಗ. ತಯಾರಕರೇ ಕೊಟ್ಟ ಕಾರನ್ನು ಒಂದು ದಿನ ಓಡಿಸಿ ಹೊಗಳಿದರೆ ಇಂಥ ಸತ್ಯ ಹೊರಬರುವುದಿಲ್ಲ.

ಕನ್ನಡದಲ್ಲೇ ನಮಗೆ ಮಾದರಿಗಳಿವೆ. ಆಟೋ ಚಾಲಕರ ಅಚ್ಚುಮೆಚ್ಚಿನ ಶಂಕರ್ ನಾಗ್ 1985ರಲ್ಲಿ 'ಆಕ್ಸಿಡೆಂಟ್' ಚಿತ್ರ ಮಾಡಿದರು. ಅಮಲಿನಲ್ಲಿ ಕಾರು ಓಡಿಸಿದ ಶ್ರೀಮಂತರ ಮಕ್ಕಳು ಫುಟ್‌ಪಾತ್ ಮೇಲೆ ಮಲಗಿದ್ದ ಬಡವರ ಮೇಲೆ ಹರಿಸುವ ಕಥೆ. ಹಾಡುಗಳಿಲ್ಲದ ಆ ಚಿತ್ರವನ್ನು ಜನ ಉಸಿರು ಬಿಗಿಹಿಡಿದು ನೋಡಿದರು, ರಾಷ್ಟ್ರಪ್ರಶಸ್ತಿಯೂ ಬಂತು. ಅದೇ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ಆನಗೋಡಿನಲ್ಲಿ ರಸ್ತೆ ಅಪಘಾತದಲ್ಲೇ ತೀರಿಕೊಂಡದ್ದು ನಮ್ಮ ನಾಡಿನ ದುರ್ದೈವ. ಇನ್ನು ಚಂದನ ವಾಹಿನಿಯಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಟ್ಟ 'ಥಟ್ ಅಂತ ಹೇಳಿ'ಯನ್ನು ನೋಡಿ. ಬಹುಮಾನವೆಂದರೆ ಪುಸ್ತಕ. ಅಬ್ಬರವಿಲ್ಲ, ಅರಚಾಟವಿಲ್ಲ. ಆದರೂ ಸಾವಿರಾರು ಕಂತುಗಳನ್ನು ಮನೆಮಂದಿಯೆಲ್ಲ ಕುಳಿತು ನೋಡಿದರು. ರಂಜನೆಯೂ ತಿಳಿವೂ ಒಂದೇ ತಟ್ಟೆಯಲ್ಲಿ ಉಣ್ಣಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ವಾಹನ ಕಾರ್ಯಕ್ರಮ ನಗಿಸಲಿ, ಬೆರಗುಗೊಳಿಸಲಿ. ಆದರೆ ನೋಡುಗನ ಹಣ ಮತ್ತು ಪ್ರಾಣದ ವಿಷಯ ಬಂದ ಕಡೆ ಮಾಹಿತಿಯೇ ಮುಂದಿರಬೇಕು. ವೈದ್ಯರು ತಮಾಷೆ ಮಾಡಬಹುದು, ಔಷಧಿಯ ಅಳತೆಯಲ್ಲಿ ಮಾಡಬಾರದು.

ನಮ್ಮ ದೀನ್ ಕೂಡ ಇದನ್ನೇ ಕಲಿಸುತ್ತದೆ. ನಡಿಗೆಯಲ್ಲಿ ಮಿತವಿರಬೇಕೆಂದು ಹಝ್ರತ್ ಲುಕ್ಮಾನರು ಮಗನಿಗೆ ಕೊಟ್ಟ ಬುದ್ಧಿವಾದ ಪವಿತ್ರ ಕುರ್‌ಆನ್‌ನಲ್ಲಿದೆ. ದಾರಿಯಲ್ಲಿರುವ ತೊಡಕನ್ನು ತೆಗೆಯುವುದನ್ನೂ ಪ್ರವಾದಿವರ್ಯರು(ಸ) ಈಮಾನಿನ ಭಾಗವಾಗಿ ಎಣಿಸಿದ್ದಾರೆ. ಒಂಟೆಯನ್ನು ಮೊದಲು ಕಟ್ಟು, ಆಮೇಲೆ ಅಲ್ಲಾಹನಲ್ಲಿ ಭರವಸೆಯಿಡು ಎಂಬ ಅರ್ಥದ ಉಪದೇಶ ನಿಮಗೆಲ್ಲ ಗೊತ್ತಿದೆ. ಇಂದಿನ ಒಂಟೆಗೆ ಹಗ್ಗವೆಂದರೆ ಹೆಲ್ಮೆಟ್, ಸೀಟ್ ಬೆಲ್ಟ್, ಒಳ್ಳೆಯ ಬ್ರೇಕ್.

ಕೊನೆಯದಾಗಿ ನಿಮ್ಮ ಮುಂದೆ ಮೂರು ಕೋರಿಕೆಗಳನ್ನು ಇಡುತ್ತೇನೆ. ಮೊದಲನೆಯದು ವಿದ್ಯಾರ್ಥಿಗಳಿಗೆ. ಯಾವ ವಾಹನ ಕಾರ್ಯಕ್ರಮ ನೋಡಿದರೂ ಮೂರು ಪ್ರಶ್ನೆ ಕೇಳಿ: ಈ ವಾಹನವನ್ನು ಕೊಟ್ಟವರು ಯಾರು? ಇದನ್ನು ಓಡಿಸಿದ್ದು ಎಲ್ಲಿ? ನನ್ನ ಮನೆಯವರಿಗೆ ಇದರಿಂದ ಏನು ತಿಳಿಯಿತು? ಎರಡನೆಯದು ಪೋಷಕರಿಗೆ. ಮಗನಿಗೆ ಎಂಜಿನ್ನಿನ ಹುಚ್ಚಿದ್ದರೆ ಬೈಯಬೇಡಿ, ಆ ಹುಚ್ಚಿಗೆ ಒಂದು ದಾರಿ ತೋರಿಸಿ. ಐ.ಟಿ.ಐ.ನಲ್ಲಿ ಮೋಟಾರು ಮೆಕ್ಯಾನಿಕ್ ತರಬೇತಿ ಎರಡು ವರ್ಷದ್ದು, ಆಟೋಮೊಬೈಲ್ ಡಿಪ್ಲೊಮಾ ಮೂರು ವರ್ಷದ್ದು. ಸ್ಕ್ಯಾನರ್ ಓದಬಲ್ಲ ಮಗ, ಸದ್ದು ಕೇಳಿ ದೋಷ ಹೇಳಬಲ್ಲ ತಂದೆ ಒಂದೇ ಗ್ಯಾರೇಜಿನಲ್ಲಿ ನಿಂತರೆ ಆ ಅಂಗಡಿ ಎಂದೂ ಮುಚ್ಚುವುದಿಲ್ಲ. ಮೂರನೆಯದು ಸಂಘಕ್ಕೆ. ತಿಂಗಳಿಗೊಂದು ಭಾನುವಾರ ನಮ್ಮ ಸಭಾಂಗಣದಲ್ಲಿ ಉಸ್ತಾದರನ್ನೂ ಕಾಲೇಜಿನ ಉಪನ್ಯಾಸಕರನ್ನೂ ಕೂರಿಸಿ ಒಂದು ಬೈಕನ್ನು ಬಿಚ್ಚಿ ಜೋಡಿಸಿ ತೋರಿಸೋಣ. ಅದನ್ನು ಕನ್ನಡದಲ್ಲಿ ಚಿತ್ರೀಕರಿಸಿ ಎಲ್ಲರಿಗೂ ಹಂಚೋಣ. ಈಗ ಕ್ಯಾಮೆರಾ ಪ್ರತಿಯೊಬ್ಬರ ಜೇಬಿನಲ್ಲಿದೆ. ನಮಗೆ ಬೇಕಾದ ಕಾರ್ಯಕ್ರಮವನ್ನು ಯಾರೂ ಮಾಡಲಿಲ್ಲ ಎಂದು ಕೊರಗುತ್ತಾ ಕೂರುವ ಕಾಲ ಇದಲ್ಲ.

ನಮ್ಮ ಮಕ್ಕಳು ಮನೆಯಿಂದ ಹೊರಟಂತೆಯೇ ಕ್ಷೇಮವಾಗಿ ಮನೆಗೆ ಮರಳುವಂತೆ, ಅವರ ಕೈಗೆ ಹುನರ್, ತಲೆಗೆ ಇಲ್ಮ್ ದೊರೆಯುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.